ಅರ್ಧ ಸಾಲಿನ ಸುಗಂಧಿ

ಕಡಲಾಚೆಯ ನಿಲಾಯ್ ಊರಿನ ನಮ್ಮ ಬಡಾವಣೆಯಲ್ಲಿ ಸುಗಂಧಿಯ ಕೈಗೆ ಸಿಕ್ಕಿ, ಹಾಡದೆ ತಪ್ಪಿಸಿಕೊಂಡ ಕನ್ನಡದವರು ಯಾರೂ ಇಲ್ಲ. ನನ್ನನ್ನೇ ನೋಡಿ. ಹುಬ್ಬಳ್ಳಿಯ ಮೆಹಮೂದಾ ನಾನು. ಗಂಡ ದಾವೂದ್ ವಿಮಾನ ನಿಲ್ದಾಣದಲ್ಲಿ ಎಂಜಿನಿಯರ್. ಶಾಲೆಯ ಪ್ರಾರ್ಥನೆಯಲ್ಲಿ ಮಾಸ್ತರರು ನನ್ನನ್ನು ಹಿಂದಿನ ಸಾಲಿಗೆ ಅಟ್ಟುತ್ತಿದ್ದರು, ಅಂಥ ಕಂಠ. ಅಂಥವಳನ್ನು ಉಡುಪಿಯ ಈ ಹೆಂಗಸು, ಪಕ್ಕದ ಬೀದಿಯ ಪ್ರೊಫೆಸರ್ ಜಯರಾಮರ ಹೆಂಡತಿ, ಹನ್ನೊಂದು ವರ್ಷದ ಹಿಂದೆ ತರಕಾರಿ ಅಂಗಡಿಯಲ್ಲಿ ಹಿಡಿದು ನಿಲ್ಲಿಸಿದಳು. "ಶನಿವಾರ ಐದಕ್ಕೆ ಬಾ ಮಾರಾಯ್ತಿ. ಸ್ವರ ಗಿರ ಬೇಡ, ಬಾಯಿ ಉಂಟಲ್ಲ?"

ಹೋದೆ. ಮೊದಲು ಅಲ್ಲಿ ಸೇರಿದ್ದ ಹೆಂಗಸರ ನಾಮಜಪ. ಆಗ ನಾನು ಅಡುಗೆಮನೆಯಲ್ಲಿ ಚಹಾ ಕಾಯಿಸುತ್ತಿದ್ದೆ. ಆಮೇಲೆ ಹಾಡು. ಬೀಸುವ ಪದ, ಮದುವೆ ಪದ, ಯಾರ ಅಜ್ಜಿಯದಾದರೂ ಸರಿ. ಸುಗಂಧಿ ಒಂದು ಸಾಲು ಹಾಡುವುದು, ನಾವು ಅದನ್ನೇ ತಿರುಗಿ ಹಾಡುವುದು. ಗಂಡ ತೀರಿಕೊಂಡ ಮೇಲೆ ಮೂರು ತಿಂಗಳು ಮಾತೇ ಆಡದಿದ್ದ ಸುಮತಿ ಮೊದಲ ಸಲ ಬಾಯಿ ಬಿಟ್ಟದ್ದು ಅಲ್ಲೇ. ಹಾಡು ಔಷಧವೆಂದು ಸುಗಂಧಿ ಎಂದೂ ಬೀಗಿದವಳಲ್ಲ. "ಉಸಿರು ಸರಿ ಆದ್ರೆ ಸಂಕಟ ಸ್ವಲ್ಪ ಇಳೀತದೆ" ಎನ್ನುತ್ತಿದ್ದಳು, ಅಷ್ಟೆ.

ಕೊರೊನಾ ಬಂತು, ಗೇಟುಗಳಿಗೆ ಬೀಗ ಬಿತ್ತು, ಹಾಡು ಝೂಮಿಗೆ ಹೋಯಿತು. ಅಲ್ಲಿ ಒಬ್ಬೊಬ್ಬರ ದನಿ ಒಂದೊಂದು ಹೊತ್ತಿಗೆ ತಲುಪಿ ಸಂತೆಯಾಗುತ್ತದೆ. ಅದಕ್ಕೆ ಸುಗಂಧಿ ಕಟ್ಟುನಿಟ್ಟು ಮಾಡಿದಳು: ಎಲ್ಲರೂ ಮ್ಯೂಟ್. ತಾನೊಂದು ಸಾಲು ಹಾಡಿ, ನಾವು ನಮ್ಮ ನಮ್ಮ ಮನೆಯಲ್ಲಿ ಹಾಡಿಕೊಳ್ಳುವಷ್ಟು ಹೊತ್ತು ಸುಮ್ಮನೆ ಕಾಯುತ್ತಿದ್ದಳು. ನಮ್ಮದೊಂದು ಸ್ವರವೂ ಕೇಳದೆ ತಲೆದೂಗುತ್ತಿದ್ದಳು, ಪುಣ್ಯಾತ್ಗಿತ್ತಿ!

ಇಪ್ಪತ್ತೊಂದರ ಮಾರ್ಚಿನಲ್ಲಿ ಆಕೆಗೇ ಕೊರೊನಾ ತಗುಲಿತು. ಹದಿನೆಂಟು ದಿನ ಆಸ್ಪತ್ರೆ. ಮೇ ತಿಂಗಳಲ್ಲಿ ಮತ್ತೆ ಪರದೆಯ ಮೇಲೆ ಬಂದು ಹಾಡಿದಾಗ, ಅಬ್ಬಾ, ದನಿ ಮೊದಲಿನ ಹಾಗೇ ಇತ್ತು! ಸುಮತಿ ಅತ್ತೇಬಿಟ್ಟಳು. ನಾನೂ ಅಲ್ಲಾಹನಿಗೆ ಶುಕ್ರ್ ಹೇಳಿದೆ.

ಮೂರನೆಯ ಶನಿವಾರ ನನ್ನ ಬಾಯಿ ತುಂಬ ತಮಿಳರ ಅಂಗಡಿಯ ಮುರುಕ್ಕು. ಸುಗಂಧಿಯ ಸಾಲು ಮುಗಿಯಿತು. ಎಂದಿನ ಮೌನದ ಬದಲು ಗುಂಪಿನ ಹಾಡು ಕೇಳಿಸಿತು; ಅದರ ನಡುವೆ ಎಲ್ಲರಿಗಿಂತ ಮುಂದೆ ಓಡುವ ಒಂದು ಒಡಕು ದನಿ. ನನ್ನದೇ! ಮುರುಕ್ಕು ಅಗಿಯುತ್ತ ಕೂತ ನಾನು ಹಾಡುವುದು ಹೇಗೆ? ಇದು ಆಕೆಯ ಮನೆಯಲ್ಲಿ ನಾವೆಲ್ಲ ಕೂತು ಹಾಡಿದ್ದ ಹಳೆಯ ರೆಕಾರ್ಡಿಂಗ್. ಈಕೆ ಬರೀ ತುಟಿ ಆಡಿಸುತ್ತಿದ್ದಾಳೆ. ಸುಗಂಧಿ ಗಾಬರಿಯಿಂದ ಏನೋ ಒತ್ತಿದಳು, 'ನೆಟ್ ಸರಿ ಇಲ್ಲ' ಎಂದು ಬರೆದು ಮಾಯವಾದಳು. ಯಾರ್ಯಾರದೋ ಮ್ಯೂಟ್ ತೆರೆದುಕೊಂಡಿರಬೇಕು ಎಂದು ಉಳಿದವರು ನಂಬಿದರು. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಇಲ್ಲಿನ ತಮಿಳು ಮುಸಲ್ಮಾನರ ಮಾಮಕ್ ಹೋಟೆಲಿನಿಂದ ರೊಟ್ಟಿ ತಪಾವ್, ಎಂದರೆ ಪಾರ್ಸೆಲ್, ಮಾಡಿಸಿಕೊಂಡು, ಅದನ್ನು ಕೊಡುವ ನೆಪದಲ್ಲಿ ಆಕೆಯ ಗೇಟಿನ ಮುಂದೆ ನಿಂತೆ. ಒಳಗೆ ಹೋಗುವಂತಿರಲಿಲ್ಲ.

"ಏನ್ ಹಚ್ಚೀಯವ್ವಾ ನಾಟಕಾ? ನಮ್ಮ ಕಿವ್ಯಾಗ ಹೂ ಇಡ್ತೀಯೇನು?"

ಆಕೆ ಮಾಸ್ಕಿನೊಳಗೇ ಬಿಕ್ಕಿದಳು. "ಎಂತ ಮಾಡುದು ಮೆಹಮೂದಾ? ಅರ್ಧ ಸಾಲಿಗೇ ಉಸಿರು ನಿಲ್ತದೆ. ಹಾಡ್ಲಿಕ್ಕೆ ಆಗುದಿಲ್ಲ ಅಂದ್ರೆ ನೀವೆಲ್ಲ ಬರುದು ಬಿಡ್ತೀರಿ. ಸುಮತಿ ಮತ್ತೆ ಬಾಯಿ ಮುಚ್ಚಿ ಕೂತ್ರೆ? ಸಾಕು, ಬರುವ ವಾರ ಎಲ್ಲ ಮುಗಿಸಿಬಿಡ್ತೇನೆ."

"ಹನ್ನೊಂದು ವರ್ಷ ನನ್ನ ಕತ್ತಿ ಒದರಿದಂಥಾ ದನಿ ಪೂರಾ ಕೇಳೀದಿ. ನಿನ್ನ ಅರ್ಧ ಸಾಲು ಕೇಳಾಕ ನಮಗೇನು ಧಾಡಿ?"

ಬೈಯುತ್ತ ಬೈಯುತ್ತ ನನಗೇ ಅಳು ಬಂತು. ಈ ಹೆಂಗಸೆಂದರೆ ನನಗೆ ಇಷ್ಟು ಜೀವ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಕೆ ರೊಟ್ಟಿ ತೆಗೆದುಕೊಂಡಳು, ಮಾತು ಕೊಡಲಿಲ್ಲ.

ಶನಿವಾರ ಇಪ್ಪತ್ತೆರಡು ಮನೆಯವರ ಮುಂದೆ ನಿಜ ಹೇಳಿದಳು. "ಇಷ್ಟು ದಿನ ನಿಮಗೆ ಹಳೇ ಹಾಡು ಕೇಳಿಸಿದೆ, ತಪ್ಪಾಯ್ತು. ಇವತ್ತು ಒಂದು ಹಾಡಿ ನಿಲ್ಲಿಸ್ತೇನೆ." ನಮಗೆಲ್ಲ ಬಾಯಿಪಾಠವಾಗಿದ್ದ ತನ್ನ ಅಜ್ಜಿಯ ಪದವೊಂದನ್ನು ಎತ್ತಿಕೊಂಡಳು. "ಅಕ್ಕಿ ಆರಿಸುವ ಅಕ್ಕಾ..." ಅಲ್ಲಿಗೆ ಉಸಿರು ಕಡಿಯಿತು. ಕೆಮ್ಮಿದಳು. ಮುಖ ಕೆಳಗೆ ಹಾಕಿ ಕೂತಳು.

ನಾನು ಮ್ಯೂಟ್ ತೆಗೆಯಲು ತಡಕಾಡುತ್ತಿದ್ದೆ. ಅಷ್ಟರಲ್ಲಿ ಸುಬಾಂಗ್ ಜಯಾ ಊರಿನ ತನ್ನ ಮಗಳ ಮನೆಯಿಂದ ಸುಮತಿ, ಯಾರನ್ನೂ ಕೇಳದೆ, ಸಣ್ಣ ದನಿಯಲ್ಲಿ ಸಾಲು ಮುಗಿಸಿದಳು: "...ನಿನ್ನ ಬಳೆಯ ಸದ್ದು ಕೇಳುತ್ತದಕ್ಕಾ."

ಆಮೇಲೆ ಯಾರು ಯಾರನ್ನು ಕೇಳುತ್ತಾರೆ? ಇಪ್ಪತ್ತೆರಡು ಮನೆಗಳೂ ಮ್ಯೂಟ್ ತೆಗೆದವು. ಹಿಂದುಮುಂದಾಗಿ, ಕುಕ್ಕರಿನ ಸೀಟಿ, ನಾಯಿಯ ಬೊಗಳಾಟ ಸಮೇತ ಹಾಡಿದೆವು. ಸುಗಂಧಿ ಮುಖ ಎತ್ತಿದಳು, ಎದೆಯ ಮೇಲೆ ಕೈಯಿಟ್ಟು ನಿಧಾನವಾಗಿ ಉಸಿರೆಳೆದುಕೊಂಡಳು. ಆಕೆಗೆ ಅವಸರವಿರಲಿಲ್ಲ, ಹಾಡನ್ನು ನಾವು ಹಿಡಿದುಕೊಂಡಿದ್ದೆವು.