ಜಗಲಿಯ ಅನ್ನ

ಹೆಬ್ಬಾಳದ ಕೆರೆಯಾಚೆಯ ಹಳ್ಳಿಗೆ ನಾನು ಸೊಸೆಯಾಗಿ ಬಂದ ಮಾರನೆಯ ವರ್ಷ ಉಗಾಂಡಾ ದೇಶದ ಹುಡುಗನೊಬ್ಬ ನಮ್ಮ ಮನೆಯಲ್ಲಿ ಇರಲು ಬಂದ. ಅರವತ್ತರ ದಶಕದ ಮೊದಲ ವರ್ಷಗಳು. ಬೇಸಾಯದ ಕಾಲೇಜಿನಲ್ಲಿ ಅರ್ಧ ವರ್ಷ ಓದಿ ವಾಪಸು ಹೋಗಬೇಕಾದವನು. ಪೇಟೆಯಲ್ಲಿ ರೂಮು ಕೇಳಿದ ಕಡೆಯೆಲ್ಲ ಅವನ ಮುಖ ನೋಡುತ್ತಲೇ "ಕೊಟ್ಟಾಯ್ತಲ್ಲಪ್ಪ" ಅಂದಿದ್ದರಂತೆ. ನಮ್ಮ ದ್ರಾಕ್ಷಿ ತೋಟ ನೋಡಲು ಆಗಾಗ ಬರುತ್ತಿದ್ದ ಮೇಷ್ಟ್ರೊಬ್ಬರು ಮಾವನವರ ಹತ್ತಿರ, "ಗೌಡ್ರೇ, ನಿಮ್ ಜಗಲಿ ಪಕ್ಕದ ರೂಮು ಖಾಲಿ ಇದೆಯಲ್ಲ" ಅಂದರು. ಮಾವನವರಿಗೆ ಇಲ್ಲ ಅನ್ನುವ ಅಭ್ಯಾಸವೇ ಇರಲಿಲ್ಲ. ಒಲೆ ಮುಂದೆ ಬೇಯುವವರು ನಾವಲ್ಲವೇ, ಅವರಿಗೇನು ಕಷ್ಟ.

ಹುಡುಗ ಎತ್ತರದ ಆಳು, ಮಾತು ಕಡಿಮೆ. ಅಂಗಿ ತಾನೇ ಒಗೆದುಕೊಳ್ಳುತ್ತಿದ್ದ, ಬಾವಿಯಿಂದ ನೀರು ತಾನೇ ಸೇದಿಕೊಳ್ಳುತ್ತಿದ್ದ. ಮೊದಲ ವಾರ ಊರಿನ ಮಕ್ಕಳು ಅವನ ಹಿಂದೆಯೇ ಸುತ್ತಿದರು, ಆಮೇಲೆ ಅವರಿಗೂ ಬೇಜಾರಾಯಿತು. ನಮ್ಮ ಅತ್ತೆ ಬಾಗಿಲ ಸಂದಿಯಿಂದ ನೋಡಿ, "ಬಣ್ಣಕ್ಕೇನು, ನಿಮ್ ಮಾವನಿಗಿಂತ ಒಂದ್ ಕೈ ಜಾಸ್ತಿ, ಅಷ್ಟೇಯ" ಎಂದು ತೀರ್ಪು ಕೊಟ್ಟರು. ಮಾವನವರು ಕೇಳಿಸಿಕೊಂಡೂ ಕೇಳಿಸದವರ ಹಾಗೆ ಎಲೆಯಡಿಕೆ ಹಾಕಿಕೊಂಡರು.

ಊಟದ ವಿಷಯದಲ್ಲಿ ಅತ್ತೆಯದು ಖಡಾಖಂಡಿತ. ಮನೆಗೆ ಬಂದವರಿಗೆ ಮುದ್ದೆ ಇಟ್ಟರೆ ಮರ್ಯಾದೆ ಉಳಿಯುತ್ತದೆಯೇ? ನಮ್ಮಲ್ಲಿ ಅನ್ನ ಮಾಡುತ್ತಿದ್ದುದು ಹಬ್ಬಕ್ಕೆ, ಜ್ವರ ಬಂದವರಿಗೆ ಮತ್ತು ಅಳಿಯಂದಿರಿಗೆ. ಅಕ್ಕಿ ಸಿಗುವುದೇ ಕಷ್ಟವಾಗಿದ್ದ ಕಾಲ ಅದು. ಆದರೂ ಆ ಹುಡುಗನಿಗೆ ದಿನಾ ಎರಡು ಹೊತ್ತು ಬೆಳ್ಳಗಿನ ಅನ್ನ, ಮೇಲೆ ತುಪ್ಪ. ಅಕ್ಕಿಯಲ್ಲಿ ಕಲ್ಲು ಆರಿಸಿ ಆರಿಸಿ ನನ್ನ ಕಣ್ಣು ಸೋತುಹೋಗುತ್ತಿತ್ತು. ಜಗಲಿಯ ಮೇಲೆ ಮಣೆ ಹಾಕಿ, ತಟ್ಟೆ ಇಟ್ಟು, ನೀರಿನ ಚೊಂಬು ಪಕ್ಕಕ್ಕಿಟ್ಟು ನಾನು ಒಳಗೆ ಬಂದುಬಿಡಬೇಕು. ಆಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ನಾವೆಲ್ಲ ಮುದ್ದೆ ಉಣ್ಣುತ್ತಿದ್ದೆವು. ನಮ್ಮ ಯಜಮಾನರು ಅನ್ನದ ಪಾತ್ರೆಯ ಕಡೆ ಒಂದು ಕಣ್ಣು ಇಟ್ಟುಕೊಂಡೇ ಉಣ್ಣುತ್ತಿದ್ದರು, ಪಾಪ.

ಹುಡುಗ ಬರಬರುತ್ತ ಊಟ ಕಡಿಮೆ ಮಾಡಿದ. ಅರ್ಧ ತಟ್ಟೆ ಹಾಗೇ ಉಳಿಯುತ್ತಿತ್ತು. ಅಂಗಿ ಮೈಮೇಲೆ ಜೋತಾಡತೊಡಗಿತು. ಅತ್ತೆಗೆ ಯೋಚನೆ ಹತ್ತಿತು. ಸಮುದ್ರ ದಾಟಿ ಬಂದ ಮಗುವನ್ನು ಗೌಡರ ಮನೆಯಲ್ಲಿ ಉಪವಾಸ ಕೆಡವಿದರು ಎಂದು ಊರು ಆಡಿಕೊಂಡರೆ? ತಪ್ಪು ಯಾರದೆಂದು ಹುಡುಕಿದರು. ಹುಡುಕಲು ದೂರ ಹೋಗಬೇಕಾಗಿರಲಿಲ್ಲ, ಸೊಸೆ ಅಲ್ಲೇ ಇದ್ದಳಲ್ಲ. "ನಿನ್ ಕೈಗೆ ಉಪ್ಪು ಉಳಿ ಗೊತ್ತಾಗಲ್ಲ ಕಣೇ" ಎಂದು ಬೈದು, ಮೊಸರು ಸೇರಿಸಿದರು, ಹಪ್ಪಳ ಸೇರಿಸಿದರು, ಇನ್ನೂ ಸಣ್ಣ ಅಕ್ಕಿ ತರಿಸಿದರು. ಅವನು ಇನ್ನೂ ಸೊರಗಿದ. ಕೇಳಿದರೆ ಕಲಿತಿದ್ದ ನಾಲ್ಕು ಕನ್ನಡದ ಮಾತಿನಲ್ಲಿ "ಸಾಕು ಅಮ್ಮಾ, ಚೆನ್ನಾಗಿದೆ" ಅನ್ನುತ್ತಿದ್ದ.

ಒಂದು ಭಾನುವಾರ ಪೇಟೆಗೆ ಹೋಗಿ ಸಂಜೆಗೆ ಬರುತ್ತೇನೆಂದು ಹೇಳಿ ಹೋದವನು ಮಧ್ಯಾಹ್ನಕ್ಕೇ ಬಂದ. ಹೊರಗೆ ಜಟಕಾ ನಿಂತ ಸದ್ದಾಯಿತು. ನಾವೆಲ್ಲ ಊಟಕ್ಕೆ ಕೂತಿದ್ದೆವು. ಜಗಲಿಯಿಂದ ಕರೆದದ್ದು ಯಾರಿಗೂ ಕೇಳಿಸಲಿಲ್ಲವೆಂದು ಕಾಣುತ್ತದೆ, ಅವನು ನಡುಮನೆ ದಾಟಿ ಅಡುಗೆಮನೆಯ ಬಾಗಿಲು ತಳ್ಳಿದ. ಅಲ್ಲಿಯವರೆಗೆ ಅವನು ಒಳಗೆ ಬಂದದ್ದೇ ಇಲ್ಲ. ಅತ್ತೆ ಗಾಬರಿಯಾಗಿ ಪಕ್ಕದಲ್ಲಿದ್ದ ಮೊರ ತೆಗೆದು ಮುದ್ದೆಗಳ ಮೇಲೆ ಬೋರಲು ಹಾಕಿದರು. ಅವನು ನೋಡಿಯಾಗಿತ್ತು.

ಅವನು ಇಂಗ್ಲಿಷಿನಲ್ಲಿ ಮಾತಾಡಿದ, ಯಜಮಾನರು ಅರ್ಥ ಹೇಳಿದರು. "ಅವ್ರಮ್ಮ ಮಾಡೋದೂ ಇದೇ ಅಂತೆ ಕಣವ್ವ, ಇದೇ ರಾಗಿ. ಅವರ ದೇಶದಲ್ಲಿ ನೆಂಟರು ಬಂದ್ರೆ ಮೊದಲು ಮುಂದಿಡೋದು ಇದನ್ನೇ ಅಂತೆ. ಒಂದೇ ಬುಟ್ಟಿಯಿಂದ ಎಲ್ರೂ ಮುರ್ಕೊಂಡು ಉಣ್ತಾರಂತೆ. ಇಲ್ಲಿ ದಿನಾ ವಾಸನೆ ಬರ್ತಿತ್ತಂತೆ, ತಟ್ಟೇಲಿ ಮಾತ್ರ ಬರ್ತಿರ್ಲಿಲ್ಲ. ತನ್ ಜೊತೆ ಉಣ್ಣೋಕೆ ನಮಗೆ ಇಷ್ಟ ಇಲ್ಲ ಅಂದ್ಕೊಂಡು ಬೇರೆ ರೂಮು ನೋಡ್ಕೊಂಡ್ ಬಂದಿದಾನೆ. ಪೆಟ್ಟಿಗೆ ತಗೊಂಡು ಇದೇ ಜಟಕಾದಲ್ಲಿ ಓಯ್ತೀನಿ ಅಂತಾನೆ."

"ಅಯ್ಯೋ ಶಿವನೇ!" ಅತ್ತೆ ಎದೆ ಮೇಲೆ ಕೈ ಇಟ್ಟುಕೊಂಡರು. "ರಾಗಿ ಇಟ್ಟು ಬಡವರ ಊಟ ಕಣಪ್ಪಾ. ದೊಡ್ಡ ಓದು ಓದೋನು, ನಿನ್ ಮುಂದೆ ಎಂಗ್ ಇಡೋದು ಅಂತ ನಾಚ್ಕೆ ಆಗಿ ಮುಚ್ಚಿಟ್ಟೋ."

ಯಜಮಾನರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಹುಡುಗ ನಗಲಿಲ್ಲ. ಇನ್ನೊಂದು ಮಾತು ಕೇಳಿದ. ಯಜಮಾನರು ಅದನ್ನು ಕನ್ನಡಕ್ಕೆ ತಿರುಗಿಸದೆ ತಟ್ಟೆ ನೋಡುತ್ತ ಕೂತರು. ಮಿಡ್ಲ್ ಸ್ಕೂಲಿನ ನನ್ನ ಇಂಗ್ಲಿಷಿಗೂ ಅದು ಅರ್ಥವಾಗುವಷ್ಟು ಸಣ್ಣ ಮಾತು. ಮಾವನವರ ಎದುರು ದನಿಯೆತ್ತಿದವಳಲ್ಲ ನಾನು. ಆವತ್ತು ಯಾಕೋ ತಡೆಯಲಾಗಲಿಲ್ಲ. "ರಾಗಿ ಮುಚ್ಚಿಟ್ಟಿದ್ದು ನಾಚಿಕೆಗೆ, ಸರಿ. ಅತ್ತೆ, ತನ್ನ ಜಗಲೀಲಿ ಕೂರಿಸಿದ್ದು ಯಾತಕ್ಕೆ ಅಂತ ಕೇಳ್ತಿದಾನೆ" ಅಂದೆ.

ಅತ್ತೆ ಒಲೆಯ ಕಡೆ ಮುಖ ಮಾಡಿ, "ಯಾವ ಜನವೋ ಏನೋ, ನಮಗೇನ್ ಗೊತ್ತಿತ್ತು" ಅಂದರು. ಅನ್ನ ಮರ್ಯಾದೆಗೆ ಇಟ್ಟದ್ದು ನಿಜ. ಜಗಲಿ ಮರ್ಯಾದೆಗಲ್ಲ ಅನ್ನುವುದೂ ನಿಜ. ನಮಗೆಲ್ಲರಿಗೂ ಅದು ಮೊದಲ ದಿನದಿಂದ ಗೊತ್ತಿತ್ತು, ಬಾಯಿಬಿಟ್ಟು ಅಂದಿರಲಿಲ್ಲ ಅಷ್ಟೆ. ಅತ್ತೆಯ ಈ ಮಾತನ್ನು ಯಾರೂ ಅವನಿಗೆ ಇಂಗ್ಲಿಷಿನಲ್ಲಿ ಹೇಳಲಿಲ್ಲ. ಅವನಿಗೆ ಬೇಕಾಗಿಯೂ ಇರಲಿಲ್ಲ ಅನ್ನಿಸುತ್ತದೆ, ಬಾಗಿಲ ಕಡೆ ತಿರುಗಿದ.

"ಇರಪ್ಪಾ" ಅಂದರು ಅತ್ತೆ. ಎದ್ದು ಮೊರ ತೆಗೆದರು. ಒಂದು ಮುದ್ದೆ ತಟ್ಟೆಗಿಟ್ಟು, ಅವರೆಕಾಳಿನ ಸಾರು ಬಿಟ್ಟು, ತಮ್ಮ ಮಗನ ಪಕ್ಕದಲ್ಲಿ ನೆಲದ ಮೇಲೆ ಇಟ್ಟರು. "ಇಷ್ಟಾದ್ರೂ ಉಂಡ್ಕೊಂಡ್ ಓಗು."

ಹುಡುಗ ತಟ್ಟೆಯನ್ನೂ ಅವರ ಮುಖವನ್ನೂ ನೋಡಿದ. ಆಮೇಲೆ ಕೈತೊಳೆದು ಬಂದು ಕೂತ. ಮುದ್ದೆಯ ಅಂಚು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಹೆಬ್ಬೆರಳಲ್ಲಿ ಕುಳಿ ಒತ್ತಿ, ಸಾರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡ. ಅತ್ತೆ ಅವನ ದವಡೆಯನ್ನೇ ನೋಡುತ್ತಿದ್ದರು. ರಾಗಿ ಗೊತ್ತಿಲ್ಲದವರು ಮುದ್ದೆಯನ್ನು ಅಗಿಯುತ್ತಾರೆ, ಅದು ಹಲ್ಲಿಗೆ ಮೆತ್ತಿಕೊಂಡು ಒದ್ದಾಡುತ್ತಾರೆ. ಅವನ ದವಡೆ ಅಲುಗಲಿಲ್ಲ. ತುತ್ತು ಗಂಟಲಲ್ಲಿ ಸರಕ್ಕನೆ ಇಳಿಯಿತು.

"ನುಂಗ್ತಾನೆ ಕಣೇ! ನಮ್ಮೋನೇ ಇವ್ನು!" ಅತ್ತೆ ಚಪ್ಪಾಳೆ ತಟ್ಟಿ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಅವನು ಮೂರು ಮುದ್ದೆ ಉಂಡ. ಮಾವನವರು ಹೊರಗೆ ಹೋಗಿ ಜಟಕಾದವನನ್ನು ಕಳಿಸಿ ಬಂದರು. ಓದು ಮುಗಿಯುವವರೆಗೂ ಆ ಹುಡುಗ ಒಳಗೇ ಉಂಡ, ಅವನ ಅಂಗಿ ಮತ್ತೆ ಮೈಗೆ ಸರಿಹೋಯಿತು.

ನನಗೆ ತುಂಬ ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ. ಆದರೂ ಏನೋ ಒಂದು ಚುಚ್ಚುತ್ತಿತ್ತು. ಅವತ್ತೇ ಹಿತ್ತಲಲ್ಲಿ ಇಬ್ಬರೂ ಪಾತ್ರೆ ತೊಳೆಯುವಾಗ ಕೇಳಿಬಿಟ್ಟೆ. "ಅತ್ತೆ, ಅವನು ಅಗಿದಿದ್ರೆ?"

ಅತ್ತೆ ಬೂದಿ ಹಚ್ಚಿದ ತಟ್ಟೆಯನ್ನು ಉಜ್ಜುತ್ತಲೇ ಇದ್ದರು. ನನ್ನ ಮುಖ ನೋಡದೆ, "ಜಟಕಾ ಒರಗಡೆ ನಿಂತೇ ಇತ್ತಲ್ಲಮ್ಮ" ಅಂದರು.