ಬೂಷ್ಟು ಹಿಡಿಯದ ಕ್ಯಾಸೆಟ್ಟು

ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ದಿಲೀಪನ ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಬೀಗರ ಊಟ ಯಾವುದಿದ್ದರೂ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೊರಡುತ್ತಾನೆ. ಮದುವೆಗಳಿಲ್ಲದ ತಿಂಗಳುಗಳಲ್ಲಿ ಅರ್ಜಿಗಳಿಗೆ ಅಂಟಿಸುವ ಫೋಟೋ ತೆಗೆದುಕೊಂಡು ಕೂತಿರುತ್ತಾನೆ. ಇದರ ಜೊತೆಗೆ ಇನ್ನೊಂದು ಕೆಲಸವೂ ಉಂಟು. ಹಳೇ ಕಾಲದ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಡಿಸ್ಕಿಗೆ ಹಾಕಿಕೊಡುವುದು. ಸುತ್ತಮುತ್ತ ಆ ಕೆಲಸ ಮಾಡುವವರು ಬೇರೆ ಯಾರೂ ಇಲ್ಲದ್ದರಿಂದ ಮೇಲುಕೋಟೆ, ಕೆ.ಆರ್.ಪೇಟೆ ಕಡೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಯಾರು ಏನೇ ತಂದರೂ ದಿಲೀಪ ಇಲ್ಲ ಎಂದವನಲ್ಲ. "ಆಯ್ತದೆ ಬುಡಿ, ಮಾಡ್ಕೊಡ್ತೀನಿ" ಅನ್ನುವುದು ಅವನ ಬಾಯಿಗೆ ರೂಢಿಯಾಗಿಹೋಗಿತ್ತು.

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ತೊಣ್ಣೂರಿನ ಕಡೆಯ ಹಳ್ಳಿಯಿಂದ ಬೈರಮ್ಮ ಅಂತ ಒಬ್ಬ ವಯಸ್ಸಾದ ಹೆಂಗಸು ಬಂದಳು. ಬಟ್ಟೆ ಚೀಲದೊಳಗೆ ಟವಲು, ಟವಲಿನೊಳಗೆ ಒಂದು ಕ್ಯಾಸೆಟ್ಟು. ಅವಳ ಮಗಳು ಯಶೋಧರಾಳ ಮದುವೆಯದು. ನಾಗಮಂಗಲದ ಆಚೆಯ ಹಳ್ಳಿಗೆ ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷಕ್ಕೆ ಜ್ವರ ಬಂದು, ಅದು ಕಾಮಾಲೆಗೆ ತಿರುಗಿ, ಹುಡುಗಿ ತೀರಿಕೊಂಡಳು. ಸರಿಯಾದ ಹೊತ್ತಿಗೆ ಆಸ್ಪತ್ರೆಗೆ ತೋರಿಸಲಿಲ್ಲವೆಂದು ಬೈರಮ್ಮ ಹೆಣದ ಮುಂದೆಯೇ ಬೀಗಿತ್ತಿಯ ಮೇಲೆ ಮಣ್ಣು ತೂರಿ ಬಂದಿದ್ದಳಂತೆ. ಅಲ್ಲಿಂದ ಈಚೆಗೆ ಎರಡು ಮನೆಗಳ ನಡುವೆ ಮಾತಿಲ್ಲ, ಕತೆಯಿಲ್ಲ.

"ಗೋಡೇಲಿ ಫೋಟೋ ಅದೆ ಕಣ್ ಮಗ," ಎಂದಳು ಬೈರಮ್ಮ. "ಅದ್ರಲ್ಲಿ ಸುಮ್ನೆ ನಿಂತವ್ಳೆ. ಅವ್ಳು ನಡೆಯೋದು, ತಿರುಗಿ ನೋಡೋದು ಎಲ್ಲಾ ಮರ್ತೋಯ್ತಾ ಅದೆ. ಇದ್ನ ಹಾಕೋ ಮಿಷನ್ನು ಕೆಟ್ಟು ಎಷ್ಟೋ ಕಾಲ ಆಯ್ತು. ನನ್ ಮಗ ಡಿಸ್ಕಿನ್ ಪ್ಲೇಯರು ತಂದು ಮಡಗವ್ನೆ. ಅದಕ್ಕೆ ಬರೋ ಹಂಗೆ ಮಾಡ್ಕೊಡು."

"ಆಯ್ತದೆ ಬುಡವ್ವ," ಎಂದ ದಿಲೀಪ.

ಕ್ಯಾಸೆಟ್ಟು ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಅವನ ವಿಸಿಆರ್. ಒಳಗೆ ಟೇಪನ್ನು ಎಳೆಯುವ ಸಣ್ಣ ರಬ್ಬರ್ ಉರುಳೆ ಗಟ್ಟಿಯಾಗಿ, ಆಗಾಗ ಟೇಪನ್ನು ಸುತ್ತಿಕೊಳ್ಳುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಹೊಸ ಉರುಳೆ ಮೈಸೂರಿನ ರಿಪೇರಿಯವನ ಅಂಗಡಿಗೆ ಬಂದಿದೆ ಎಂದು ಫೋನೂ ಬಂದಿತ್ತು. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದುಕೊಂಡೇ ಕೆಲಸ ಶುರುಮಾಡಿದ.

ಮೊದಲು ಪರದೆಯ ಮೇಲೆ ಚಿತ್ರ ಕಪ್ಪುಬಿಳುಪಾಗಿ, ಮೇಲಿಂದ ಕೆಳಕ್ಕೆ ಉರುಳತೊಡಗಿತು. ಸಾಫ್ಟ್‌ವೇರು ಅಮೆರಿಕದ ಟಿವಿ ಲೆಕ್ಕಕ್ಕೆ ಕೂತಿತ್ತು. ಅದನ್ನು ನಮ್ಮ ಕಡೆಯ ಪಾಲ್ ಪದ್ಧತಿಗೆ ಬದಲಿಸಿದ ಕೂಡಲೇ ಬಣ್ಣ ಬಂತು, ಚಿತ್ರ ನಿಂತಿತು. ಅರ್ಧ ಇಳಿಸಿ ನೋಡಿದರೆ ಮಾತು ಒಂದು ಕಡೆ, ಬಾಯಿ ಒಂದು ಕಡೆ. ಪುರೋಹಿತರು ತುಟಿ ಮುಚ್ಚಿದ ಮೇಲೆ ಮಂತ್ರ ಕೇಳುತ್ತಿತ್ತು. ಅದೇ ಹೊತ್ತಿಗೆ ಇನ್ನೊಂದು ಮದುವೆಯ ವಿಡಿಯೋವನ್ನೂ ಅದೇ ಕಂಪ್ಯೂಟರಿನಲ್ಲಿ ತಯಾರು ಮಾಡಲು ಬಿಟ್ಟಿದ್ದ. ಕಂಪ್ಯೂಟರಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಕೆಟ್ಟ ಫೈಲು ಯಾಕೆಂದು ಅದನ್ನು ಅಳಿಸಿಹಾಕಿ, ಮತ್ತೆ ಮೊದಲಿಂದ ಇಳಿಸೋಣವೆಂದು ಟೇಪನ್ನು ಹಿಂದಕ್ಕೆ ಓಡಿಸಿದ.

ಕಿರ್ ಎಂದು ಸದ್ದಾಯಿತು. ಮಿಷನ್ನು ನಿಂತಿತು. ಮುಚ್ಚಳ ಬಿಚ್ಚಿ ನೋಡಿದರೆ ಟೇಪು ಉರುಳೆಗೆ ಸುತ್ತಿಕೊಂಡು ಮುದ್ದೆಯಾಗಿತ್ತು. ನಿಧಾನವಾಗಿ ಬಿಡಿಸಬೇಕಿತ್ತು. ಹೊರಗೆ ಗಿರಾಕಿ ಕರೆಯುತ್ತಿದ್ದ, ದಿಲೀಪ ಎಳೆದ. ಟೇಪು ಹರಿಯಿತು. ಅಂಟುಟೇಪು ಹಚ್ಚಿ ಸೇರಿಸಿ ಮತ್ತೆ ಹಾಕಿದ. ಅಂಟು ಒಳಗೆಲ್ಲ ಹತ್ತಿ, ಉಳಿದಿದ್ದ ಟೇಪೂ ಸುಕ್ಕುಸುಕ್ಕಾಯಿತು. ಅಳಿಸಿದ ಫೈಲನ್ನಾದರೂ ವಾಪಸು ಪಡೆಯೋಣವೆಂದು ತಡಕಾಡಿದ. ಅಷ್ಟರಲ್ಲಿ ಆ ಜಾಗದಲ್ಲಿ ಬೇರೆ ಮದುವೆಯ ಫೈಲುಗಳು ಬಂದು ಕೂತಿದ್ದವು.

ಬೈರಮ್ಮ ಮತ್ತೆ ಬರುವ ಹೊತ್ತಿಗೆ ಕ್ಯಾಸೆಟ್ಟಿನ ಸ್ಕ್ರೂಗಳನ್ನು ಬಿಗಿದು, ಅದೇ ಟವಲಿನಲ್ಲಿ ಸುತ್ತಿ ಇಟ್ಟಿದ್ದ. ಏನು ಹೇಳಬೇಕೆಂದು ಯೋಚಿಸಿಯೂ ಇಟ್ಟುಕೊಂಡಿದ್ದ.

"ಬೂಷ್ಟು ಹಿಡ್ದೋಗಿತ್ತು ಕಣವ್ವ. ಮಿಷನ್ನಿಗೆ ಹಾಕ್ತಿದ್ದಂಗೆ ಹರ್ದೋಯ್ತು. ನನ್ ಕೈಲಿ ಏನೂ ಆಗ್ಲಿಲ್ಲ."

ಅವಳು ಜಗಳ ಮಾಡಿದ್ದರೆ ಅವನೂ ಎರಡು ಮಾತಾಡುತ್ತಿದ್ದ. ಬೈರಮ್ಮ ಕ್ಯಾಸೆಟ್ಟನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಒರೆಸಿದಳು.

"ಅಟ್ಟದ ಮೇಲೆ ಮಡಗಿದ್ದೆ. ಬೀರುವಲ್ಲಿ ಮಡಗು ಅಂತ ನನ್ ಮಗ ಬಡ್ಕೊಂಡ. ಕೇಳ್ಲಿಲ್ಲ ನಾನು," ಎಂದಳು. "ನಾನೇ ಕೊಳೆಸ್ಬುಟ್ಟೆ, ಅಲ್ವಾ ಮಗ?"

ದಿಲೀಪ ಕಂಪ್ಯೂಟರಿನ ಕಡೆ ತಿರುಗಿ, "ಆಯ್ತದೆ ಅವ್ವ, ಹಳೇದಲ್ವಾ," ಎಂದ. ಅವಳು ಮೆಟ್ಟಿಲಿಳಿದು ಹೋಗುವವರೆಗೂ ಮೌಸಿನ ಮೇಲಿನ ಕೈ ತೆಗೆಯಲಿಲ್ಲ.

ಕೆಲವು ದಿನಗಳ ಮೇಲೆ ಬೈರಮ್ಮನ ಮಗ ಶಿವಶಂಕರ ಡೈರಿಯ ಕೆಲಸಕ್ಕೆಂದು ಫೋಟೋ ತೆಗೆಸಿಕೊಳ್ಳಲು ಬಂದ. ಇಬ್ಬರೂ ಹೈಸ್ಕೂಲಿನಲ್ಲಿ ಒಟ್ಟಿಗೆ ಓದಿದವರು.

"ನಮ್ಮವ್ವ ಸರ್ಯಾಗಿ ಉಣ್ತಿಲ್ಲ ಕಣ್ಲಾ," ಎಂದ ಶಿವಶಂಕರ. "ಇದ್ದಾಗ ಮಗಳ್ನ ಉಳಿಸ್ಕಳ್ಳಿಲ್ಲ, ಸತ್ ಮೇಲೆ ಕ್ಯಾಸೆಟ್ನೂ ಉಳಿಸ್ಕಳ್ಳಿಲ್ಲ ಅಂತ ಒಬ್ಳೇ ಅಂದ್ಕತಾ ಕುಂತಿರ್ತಾಳೆ. ನಾನೂ ಅಟ್ಟದ್ ಮೇಲೆ ಯಾಕ್ ಮಡಗ್ದೆ ಅಂತ ಬೈದ್ಬುಟ್ಟೆ. ಬೈಬಾರ್ದಾಗಿತ್ತು."

ದಿಲೀಪನಿಗೆ ಫೋಟೋ ತೆಗೆಯುವಾಗ ಗೆಳೆಯನ ಮುಖವನ್ನು ಕ್ಯಾಮೆರಾದೊಳಗಿನಿಂದಲೂ ನೇರವಾಗಿ ನೋಡಲಾಗಲಿಲ್ಲ. ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಆದರೆ ಅವತ್ತು ಮನೆಗೆ ಹೋದ ಮೇಲೆ ಅನ್ನ ಕಲೆಸಿಕೊಂಡವನಿಗೆ ತುತ್ತು ಎತ್ತಲಾಗಲಿಲ್ಲ. ಮಾಡಿದವನು ನಾನು, ತಿಳಿದೂ ತಿಳಿದೂ ಇನ್ನೊಬ್ಬರ ತಲೆಗೆ ಕಟ್ಟಿದ್ದೇನೆ, ಅದೂ ಮಗಳನ್ನು ಕಳೆದುಕೊಂಡವಳ ತಲೆಗೆ. ಹೆಂಡತಿ ಏನೆಂದು ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದ. ಅದೂ ಸುಳ್ಳೇ.

ಆ ಕಾಲದಲ್ಲಿ ಮದುವೆಯ ವಿಡಿಯೋ ತೆಗೆದವರು ಹೆಣ್ಣಿನ ಮನೆಗೊಂದು, ಗಂಡಿನ ಮನೆಗೊಂದು ಕ್ಯಾಸೆಟ್ಟು ಕೊಡುತ್ತಿದ್ದರು ಎನ್ನುವುದು ಅವನಿಗೆ ನೆನಪಾಯಿತು. ಮರುದಿನವೇ ಮೈಸೂರಿಗೆ ಹೋಗಿ ಉರುಳೆ ಹಾಕಿಸಿಕೊಂಡು ಬಂದ. ಆಮೇಲೆ ಗಂಡಿನ ಊರು, ಮನೆ ವಿಚಾರಿಸಿಕೊಂಡು ಬೈಕು ಹತ್ತಿ ನಾಗಮಂಗಲದ ದಾರಿ ಹಿಡಿದ. ಗದ್ದೆಗಳು ಮುಗಿದು ತೆಂಗಿನ ಸಾಲು, ರಾಗಿ ಹೊಲಗಳು ಶುರುವಾದಾಗ ಎರಡು ಸಲ ಬೈಕು ನಿಲ್ಲಿಸಿ ವಾಪಸು ಹೋಗಿಬಿಡೋಣವೆಂದುಕೊಂಡ.

ಗಂಡಿನ ತಾಯಿ ಮಂಗಳಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಬೈರಮ್ಮನ ಹೆಸರು ಕೇಳುತ್ತಲೇ ಕೈ ನಿಂತಿತು.

"ಆಯಮ್ಮ ಊರ್ ಮುಂದೆ ನನ್ನ ಕೊಲೆಗಾರ್ತಿ ಅಂದೋಳು. ಆಯಮ್ಮನ್ಗೆ ನಾನ್ ಯಾಕಪ್ಪ ಕ್ಯಾಸೆಟ್ಟು ಕೊಡ್ಲಿ? ಅವ್ಳೇ ಕಳ್ಸವ್ಳಾ ನಿನ್ನ?"

ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ದಿಲೀಪನಿಗೆ ಬೇಡವೆನಿಸಿದವು.

"ಇಲ್ಕಣವ್ವ. ಆಯಮ್ಮಂಗೆ ನಾನ್ ಬಂದಿರೋದು ಗೊತ್ತೇ ಇಲ್ಲ. ಅವ್ರ ಕ್ಯಾಸೆಟ್ಟು ನನ್ ಕೈಲಿ ಹಾಳಾಯ್ತು. ಬೂಷ್ಟು ಹಿಡ್ದಿತ್ತು ಅಂತ ಸುಳ್ಳೇಳ್ದೆ. ಆಯಮ್ಮ ತನ್ದೇ ತಪ್ಪು ಅಂತ ಅಳ್ತಾ ಕುಂತವ್ರೆ."

ಮಂಗಳಮ್ಮ ಅವರೆಕಾಯಿ ಪಕ್ಕಕ್ಕೆ ಸರಿಸಿದಳು. "ಥೂ ನಿನ್ನ," ಎಂದಳು. ಆಮೇಲೆ ಎದ್ದು ಒಳಗೆ ಹೋದಳು, ಕಬ್ಬಿಣದ ಟ್ರಂಕು ತೆಗೆದ ಸದ್ದಾಯಿತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಕ್ಯಾಸೆಟ್ಟನ್ನು ತಂದು ಅವನ ಕೈಗಿಟ್ಟಳು.

"ನನ್ ಮಗ ಇನ್ನೊಂದ್ ಮದ್ವೆ ಆದಾಗ ಇದ್ನ ಎಸ್ದುಬುಡು ಅಂದ್ರು. ಆ ಮಗೀನ ಮುಖ ಅದ್ರೊಳ್ಗೆ ಅದೆ, ಎಂಗ್ ಎಸೀಲಿ? ತಕ್ಕೊಂಡೋಗು. ಆದ್ರೆ ಇದು ಯಾರ ಮನೇದು ಅಂತ ಆಯಮ್ಮಂಗೆ ನೀನು ಯೋಳ್ಬೇಕು."

ಈ ಸಲ ದಿಲೀಪ ಬೇರೆ ಕೆಲಸಗಳನ್ನೆಲ್ಲ ಬದಿಗಿಟ್ಟ. ವಿಸಿಆರಿನೊಳಗೆ ಟೇಪು ಓದುವ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಮೊದಲು ಒಂದು ಖಾಲಿ ಕ್ಯಾಸೆಟ್ಟು ಓಡಿಸಿ ನೋಡಿದ. ಇಂಟರ್ನೆಟ್ಟಿನ ವೈರು ಕಿತ್ತ, ಕಂಪ್ಯೂಟರಿನಲ್ಲಿ ಬೇರೇನೂ ನಡೆಯದಂತೆ ಮಾಡಿ, ಟೇಪು ಮುಗಿಯುವವರೆಗೂ ಪಕ್ಕದಲ್ಲೇ ಕೂತ. ಮಾತು ಮತ್ತು ತುಟಿ ಕೊನೆಯವರೆಗೂ ಒಟ್ಟಿಗೆ ಹೋದವು. ಡಿಸ್ಕು ಬರೆದು ನೋಡಿದರೆ ಕಂಪ್ಯೂಟರಿನಲ್ಲಿ ಓಡಿತು, ಪಕ್ಕದ ಟೀ ಅಂಗಡಿಯವನ ಹಳೇ ಪ್ಲೇಯರಿನಲ್ಲಿ ಡಿಸ್ಕೇ ಇಲ್ಲವೆಂದಿತು. ಫೈಲನ್ನು ಹಾಗೆಯೇ ತುಂಬಿಬಿಟ್ಟಿದ್ದ. ಟಿವಿ ಪ್ಲೇಯರಿಗೆ ತಿಳಿಯುವ ಡಿವಿಡಿ ರೂಪಕ್ಕೆ ಮಾರ್ಪಡಿಸಿ, ನಿಧಾನದ ವೇಗದಲ್ಲಿ ಬರೆದು, ಕೊನೆಯಲ್ಲಿ ಇನ್ನೇನೂ ಬರೆಯಲಾಗದಂತೆ ಡಿಸ್ಕನ್ನು ಮುಚ್ಚುವ ಆದೇಶ ಕೊಟ್ಟ ಮೇಲೆ ಅಲ್ಲಿಯೂ ಓಡಿತು.

ಭಾನುವಾರ ಮಧ್ಯಾಹ್ನ ಡಿಸ್ಕು, ಕ್ಯಾಸೆಟ್ಟು ಎರಡನ್ನೂ ತೆಗೆದುಕೊಂಡು ಬೈರಮ್ಮನ ಮನೆಗೆ ಹೋದ. ಹೋದ ಕೂಡಲೇ ಹೇಳಿಬಿಡಬೇಕು ಎಂದು ತೀರ್ಮಾನ ಮಾಡಿಕೊಂಡಿದ್ದ. ಅವಳು "ಬಾ ಮಗ" ಎಂದು ಚಾಪೆ ಹಾಸಿದ ಮೇಲೆ ಬಾಯಿ ಬರಲಿಲ್ಲ. "ನೋಡವ್ವ, ಸಿಕ್ತು," ಎಂದಷ್ಟೇ ಹೇಳಿ ಡಿಸ್ಕು ಹಾಕಿದ.

ಯಶೋಧರಾ ಧಾರೆ ಸೀರೆಯಲ್ಲಿ ತಲೆ ಬಗ್ಗಿಸಿ ನಡೆದು ಬಂದಳು. ಬೈರಮ್ಮ ಟಿವಿಯ ಹತ್ತಿರಕ್ಕೆ ಜರುಗಿ, ಪರದೆಗೆ ಕೈ ತಾಗಿಸಿದಳು. ಶಿವಶಂಕರ ಗೋಡೆಗೆ ಒರಗಿ ಕಣ್ಣೊರೆಸಿಕೊಂಡ. ಧಾರೆ ಮುಗಿಯಿತು, ಊಟ ಮುಗಿಯಿತು. ಆಮೇಲೆ ಬೇರೊಂದು ಮನೆ ಬಂತು. ಹೊಸಲಿನ ಮೇಲಿದ್ದ ಅಕ್ಕಿಯ ಸೇರನ್ನು ಯಶೋಧರಾ ಕಾಲಿನಿಂದ ಒದ್ದಳು. ಅದು ಉರುಳಿಕೊಂಡು ಹೋಗಿ ಒಬ್ಬ ಮುದುಕನ ಕಾಲಿಗೆ ಬಡಿಯಿತು. ಮಂಗಳಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಅವಳ ಭುಜ ಹಿಡಿದುಕೊಂಡು ಯಶೋಧರಾ ಕೂಡ ಬಗ್ಗಿ ಬಗ್ಗಿ ನಕ್ಕಳು.

"ಇದು ನಮ್ ಕ್ಯಾಸೆಟ್ನಲ್ಲಿ ಇರ್ಲಿಲ್ಲ," ಎಂದಳು ಬೈರಮ್ಮ. "ಮನೆ ತುಂಬಿಸ್ಕಳ್ಳೋದು ಅವ್ರ ಕಡೇದ್ರಲ್ಲಿ ಮಾತ್ರ ಇತ್ತು. ಇದೆಲ್ಲಿ ಸಿಕ್ತು ನಿಂಗೆ?"

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ದಿಲೀಪ ನೆಲ ನೋಡಿಕೊಂಡು ಎಲ್ಲವನ್ನೂ ಹೇಳಿದ. ಕೆಟ್ಟ ಉರುಳೆ, ಎಳೆದದ್ದು, ಬೂಷ್ಟಿನ ಸುಳ್ಳು, ನಾಗಮಂಗಲಕ್ಕೆ ಹೋದದ್ದು.

"ಲೇ!" ಎಂದು ಶಿವಶಂಕರ ಎದ್ದು ಬಂದ. "ನನ್ ಕೈಲಿ ನಮ್ಮವ್ವನ್ನ ಬೈಯ್ಯಿಸ್ದಲ್ಲೋ!"

"ಸುಮ್ಕಿರು ನೀನು," ಎಂದಳು ಬೈರಮ್ಮ. ದಿಲೀಪನ ಕಡೆ ತಿರುಗಿದಳು. "ಮಿಷನ್ನು ಹಾಳ್ಮಾಡ್ತು, ಆಗ್ಲಿ. ನನ್ ತಲೆ ಮೇಲೆ ಯಾಕಪ್ಪ ಹಾಕ್ದೆ? ನಾನ್ ಒಪ್ಕೊಂಡಾಗ್ಲಾದ್ರೂ ಇಲ್ಲ ಕಣವ್ವ ಅನ್ಬಾರ್ದಾಗಿತ್ತಾ?"

ದಿಲೀಪನ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲೂ ನಾಚಿಕೆಯಾಯಿತು.

ಟಿವಿಯಲ್ಲಿ ಮಂಗಳಮ್ಮ ಸೊಸೆಯ ಬಾಯಿಗೆ ಹಾಲುಬಾಳೆಹಣ್ಣು ಇಡುತ್ತಿದ್ದಳು. ಬೈರಮ್ಮ ಅದನ್ನು ನೋಡಿದಳು.

"ಆ ಮನೇಲಿ ನನ್ ಮಗ್ಳು ಒಂದಿನನೂ ನಗ್ಲಿಲ್ಲ ಅಂತ ಊರೆಲ್ಲಾ ಯೋಳ್ಕೊಂಡು ತಿರುಗ್ದೆ ನಾನು," ಎಂದು ಮೆಲ್ಲಗೆ ಹೇಳಿದಳು. ಆಮೇಲೆ ದಿಲೀಪನಿಗೆ, "ಆ ಕ್ಯಾಸೆಟ್ಟು ಇಲ್ಲಿಟ್ಟೋಗು. ನಾನೇ ವಾಪಸ್ ಕೊಡ್ತೀನಿ," ಎಂದಳು.

ಮುಂದಿನ ವಾರ ಮಗನೊಂದಿಗೆ ಬಸ್ಸು ಹತ್ತಿ ಹೋಗಿ ಕೊಟ್ಟು ಬಂದಳಂತೆ. ಅಲ್ಲಿ ಏನು ನಡೆಯಿತೋ ದಿಲೀಪನಿಗೆ ಯಾರೂ ಹೇಳಲಿಲ್ಲ, ಕೇಳುವ ಮುಖವೂ ಅವನಿಗಿರಲಿಲ್ಲ. ಮಂಗಳಮ್ಮನ ಮನೆಗೂ ಒಂದು ಡಿಸ್ಕು ಬೇಕೆಂದು ಫೋನು ಬಂತು, ಮಾಡಿ ಕಳಿಸಿದ. ಕ್ಯಾಸೆಟ್ಟು ತಂದವರಿಗೆ ಈಗ ಅವನು ಮೊದಲೇ ಹೇಳುತ್ತಾನೆ: ಹಳೇ ಮಿಷನ್ನು, ನನ್ನ ಕೈಯಲ್ಲಿ ಹರಿದರೂ ಹರಿಯಬಹುದು, ಯೋಚನೆ ಮಾಡಿ ಕೊಡಿ. ಕೆಲವರು ವಾಪಸು ತೆಗೆದುಕೊಂಡು ಹೋಗುತ್ತಾರೆ.

ಈ ವರ್ಷ ಶಿವಶಂಕರ ತನ್ನ ಮಗಳು ದೊಡ್ಡವಳಾದಳೆಂದು ಆರತಿ ಶಾಸ್ತ್ರ ಮಾಡಿದ. ಫೋಟೋಗೆ ಶ್ರೀರಂಗಪಟ್ಟಣದ ಸ್ಟುಡಿಯೋದವರನ್ನು ಕರೆಸಿದ್ದ. ಅವತ್ತು ಬೇರೆ ಕೆಲಸದ ಮೇಲೆ ಆ ದಾರಿಯಲ್ಲಿ ಬರುತ್ತಿದ್ದ ದಿಲೀಪ ಚಪ್ಪರ ಕಂಡು ಬೈಕಿನ ವೇಗ ಹೆಚ್ಚಿಸಿದ. ಆದರೆ ಬಾಗಿಲಲ್ಲಿ ಕೂತಿದ್ದ ಬೈರಮ್ಮ ನೋಡಿಬಿಟ್ಟಳು.

"ಏ ದಿಲೀಪ, ಉಂಡ್ಕೊಂಡೋಗು ಬಾ," ಎಂದು ಕೂಗಿದಳು. ಬೀದಿಯವರೆಲ್ಲ ತಿರುಗಿ ನೋಡಿದ ಮೇಲೆ ನಿಲ್ಲದೆ ವಿಧಿಯಿರಲಿಲ್ಲ. ಕಡೆಯ ಪಂಕ್ತಿಯ ಮೂಲೆಯಲ್ಲಿ ಎಲೆಯ ಮುಂದೆ ತಲೆ ಬಗ್ಗಿಸಿ ಕೂತ. ಬಡಿಸುತ್ತ ಬಂದ ಶಿವಶಂಕರ ಅವನ ಎದುರು ಒಂದು ಗಳಿಗೆ ನಿಂತ. ಎಲೆಗೆ ಮುದ್ದೆ ಇಟ್ಟು, ಮುಂದಿನವರ ಕಡೆಗೆ ಹೋದ.