ಎದ್ದು ನಿಲ್ಲುವ ನಾಯಿಗೆ ರಜೆ

ನಮ್ಮ ಕಟ್ಟಡದ ಲಿಫ್ಟು ಹಳೇ ಕಾಲದ್ದು. ಗುಂಡಿ ಒತ್ತಿದ ಕೂಡಲೇ ಓಡಿಬರುವ ಜಾಯಮಾನ ಅದರದ್ದಲ್ಲ. ಅದಕ್ಕೊಂದು ಕಬ್ಬಿಣದ ಜಾಲರಿ ಬಾಗಿಲು, ಒಂದು ಹಿಡಿಕೆ, ಆ ಹಿಡಿಕೆ ತಿರುಗಿಸಲು ಒಬ್ಬ ಮನುಷ್ಯ. ಅವನಿಗೆ ನಾವೆಲ್ಲ ಲಿಫ್ಟಣ್ಣ ಅನ್ನುತ್ತೇವೆ. ಮೂರನೇ ಮಹಡಿಯವನಾದ ನಾನು ಮೆಟ್ಟಿಲು ಹತ್ತಬಹುದಿತ್ತು. ಅವನ ಮಾತು ಕೇಳುವ ಆಸೆಗೆ ಹತ್ತುತ್ತಿರಲಿಲ್ಲ, ಸೋಮಾರಿತನವೂ ಇರಬಹುದು.

ಲಿಫ್ಟಿನ ಮೂಲೆಯಲ್ಲಿ, ಅವನ ಸ್ಟೂಲಿನ ಪಕ್ಕ, ಮರಿ ಮಲಗಿರುತ್ತಿತ್ತು. ಹೆಸರು ಮರಿ ಅಷ್ಟೇ, ಗಾತ್ರ ಅಕ್ಕಿ ಮೂಟೆಯದು. ಆ ನಾಯಿಗೆ ಲಿಫ್ಟಣ್ಣ ಒಂದು ಶಿಸ್ತು ಕಲಿಸಿದ್ದ. ಜಾಲರಿ ಸರಿದ ಸದ್ದು ಕೇಳಿದರೆ ಎದ್ದು, ಗೋಡೆಗೆ ಅಂಟಿ ನಿಂತು, ಬಂದವರಿಗೆ ಜಾಗ ಬಿಡಬೇಕು. ಬಾಗಿಲು ಮುಚ್ಚಿದ ಮೇಲೆ ಮಲಗಬಹುದು. ನಮ್ಮ ಮರಿಗಿರುವ ಮರ್ಯಾದೆ ಮನುಷ್ಯರಿಗಿಲ್ಲ ಎಂದು ಅವನಿಗೆ ಎಲ್ಲಿಲ್ಲದ ಹೆಮ್ಮೆ. ಆ ಮರ್ಯಾದೆಗೆ ಮನಸೋತು ನಾವೆಲ್ಲ ಬಿಸ್ಕತ್ತು ಕೊಟ್ಟೆವು. ಪ್ರತಿಯೊಬ್ಬರೂ ಕೊಟ್ಟದ್ದು ಒಂದೊಂದೇ, ಆದರೆ ಅಷ್ಟೂ ಸೇರಿದ್ದು ಒಂದೇ ಹೊಟ್ಟೆಗೆ.

ಆರು ಜನರ ಲಿಫ್ಟಿನಲ್ಲಿ ಐದೇ ಜನ ಹಿಡಿಯುತ್ತಿರುವುದು ನಿವಾಸಿಗಳ ಸಂಘದ ಕಾರ್ಯದರ್ಶಿಯ ಕಣ್ಣಿಗೆ ಬಿತ್ತು. ಆಕೆ ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಅಳತೆ ಹಿಡಿಯುವವರು. ಮುಂದಿನ ಸಭೆಯೊಳಗೆ ನಾಯಿ ಮೈ ಇಳಿಸಿದರೆ ಸರಿ, ಇಲ್ಲವಾದರೆ ಮನೆಯಲ್ಲೇ ಇರಲಿ ಅಂದುಬಿಟ್ಟರು. ಲಿಫ್ಟಣ್ಣನ ಮುಖ ಸಪ್ಪಗಾಯಿತು. ಮದುವೆಯಾಗದ ಆಸಾಮಿ, ಮನೆಯಲ್ಲಿರುವುದು ದಿಂಬಿನ ಗವಸು ಹೊಲಿಯುವ ಅಕ್ಕ ಒಬ್ಬಳೇ. ಹಗಲಿಡೀ ಆ ಪೆಟ್ಟಿಗೆಯೊಳಗೆ ಕೂರುವವನಿಗೆ ಮರಿ ಬಿಟ್ಟರೆ ಜೊತೆ ಯಾರು? ನಾವೆಲ್ಲ ನಮ್ಮ ನಮ್ಮ ಮಹಡಿ ಬಂದ ಕೂಡಲೇ ಇಳಿದು ಹೋಗುವವರು. ಇಳಿಯದೆ ಉಳಿಯುತ್ತಿದ್ದದ್ದು ಅದೊಂದೇ.

ಮರುದಿನದಿಂದಲೇ ಬೆಳಗಿನ ಕಸರತ್ತು ಶುರುವಾಯಿತು. ನಾಯಿ ಮೆಟ್ಟಿಲ ಮೇಲೆ, ಯಜಮಾನ ಲಿಫ್ಟಿನಲ್ಲಿ! ಇವನು ತುದಿ ಮಹಡಿಗೆ ಹೋಗಿ ಮರೀ ಎಂದು ಕೂಗುವುದು, ಅದು ಏದುಸಿರು ಬಿಡುತ್ತ ಮೇಲೆ ಬಂದರೆ ಇವನು ಆಗಲೇ ಕೆಳಗಿಳಿದು ಅಲ್ಲಿಂದ ಕೂಗುವುದು. ಸ್ವಲ್ಪ ನಿಧಾನಿಸಪ್ಪ ಅಂದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಜೀವಮಾನವೆಲ್ಲ ಹಿಡಿಕೆ ತಿರುಗಿಸಿಯೇ ಮೇಲೆ ಹೋದವನಿಗೆ ಮೆಟ್ಟಿಲ ಕಷ್ಟ ಏನು ಗೊತ್ತು?

ಒಂದು ಬೆಳಿಗ್ಗೆ ಮರಿ ಮೂರೇ ಕಾಲಲ್ಲಿ ಕುಂಟುತ್ತ ಇಳಿದು ಬಂತು. ಹಿಂದಿನ ಎಡಗಾಲು ನೆಲಕ್ಕೆ ತಾಗಿಸಲಿಲ್ಲ. ಆದರೂ ಇವನನ್ನು ಕಂಡದ್ದೇ ಬಾಲ ಆಡಿಸಿತು. ಲಿಫ್ಟಣ್ಣ ಮೆಟ್ಟಿಲಿಗೆ ಓಡಿ ಅದನ್ನು ತಬ್ಬಿ ಹಿಡಿದ. ಮುಂಭಾಗ ಅವನು, ಹಿಂಭಾಗ ನಾನು ಹಿಡಿದು, ಹೇಗೋ ಹೊತ್ತು ಪಶುವೈದ್ಯೆಯ ಹತ್ತಿರ ಒಯ್ದೆವು.

ಆಕೆ ಕಾಲನ್ನು ಮೆಲ್ಲಗೆ ಮಡಚಿ, ಬಿಡಿಸಿ, ಒತ್ತಿ ನೋಡಿದರು. ಮೂಳೆಗೇನೂ ಆಗಿಲ್ಲ, ಓಡಿ ಓಡಿ ಉಳುಕಿದೆ ಅಷ್ಟೇ ಎಂದರು. ಮೊದಲೆರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಬೇಕು, ಆಮೇಲೆ ಬಿಸಿ ಬಟ್ಟೆಯ ಶಾಖ. ನಾವು ನುಂಗುವ ನೋವಿನ ಮಾತ್ರೆ ಕೊಡಲೇಬಾರದು. ಮೈ ಇಳಿಸಬೇಕಾದದ್ದು ತಟ್ಟೆಯಿಂದ, ಕಾಲಿನಿಂದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅದು ಸುಮ್ಮನೆ ಮಲಗಿರಬೇಕು.

ಲಿಫ್ಟಣ್ಣನಿಗೆ ಹೋದ ಜೀವ ಬಂದಂತಾಯಿತು. ಮಲಗುವುದು ತಾನೇ, ಲಿಫ್ಟಿನಲ್ಲೇ ಮಲಗಿರಲಿ ಅಂದುಕೊಂಡ.

ಮರುದಿನ ನಾನು ಹತ್ತಲು ಹೋದಾಗ ಜಾಲರಿ ಸರಿಯಿತು. ಮರಿ ಮೂರು ಕಾಲಲ್ಲಿ ತಡವರಿಸಿಕೊಂಡು ಎದ್ದು ಗೋಡೆಗೆ ಆತು ನಿಂತಿತು. ಅವನು ಬೆನ್ನ ಮೇಲೆ ಕೈಯಿಟ್ಟು ಮಲಗಿಸಿದ. ಮುಂದಿನ ಮಹಡಿಯಲ್ಲಿ ಬಾಗಿಲು ತೆರೆಯಿತು, ಮತ್ತೆ ಎದ್ದಿತು. ಬೇಡ ಮರಿ, ಬೇಡ ಮರಿ ಎಂದು ಅವನು ಗೋಗರೆಯುತ್ತಿದ್ದ. ಅದು ಕಲಿತದ್ದೇ ಏಳುವುದನ್ನು. ಪಾಪ, ಏನು ಮಾಡೀತು? ಮಧ್ಯಾಹ್ನದ ಹೊತ್ತಿಗೆ ಕಾಲು ಊದಿತ್ತು. ಕಾರ್ಯದರ್ಶಿಯಿಂದ ಯಾವ ಮಾತೂ ಬಂದಿರಲಿಲ್ಲ. ಅವನೇ ಲಿಫ್ಟಿಗೆ ಬೀಗ ಹಾಕಿ, ಯಾವುದಕ್ಕೆ ಇಷ್ಟು ದಿನ ಹೆದರಿದ್ದನೋ ಅದನ್ನೇ ಮಾಡಿದ. ಮರಿಯನ್ನು ಮನೆಗೆ ಬಿಟ್ಟು ಬಂದ.

ಅಕ್ಕ ತಮ್ಮನನ್ನು ಹಿಗ್ಗಾಮುಗ್ಗಾ ಬೈದಳಂತೆ. ಬೈಯುತ್ತಲೇ ಹೊಲಿಗೆ ಯಂತ್ರದ ಪಕ್ಕ ಹಳೇ ಕಂಬಳಿ ಹಾಸಿದಳಂತೆ. ಆದರೆ ಇವನಿಗೆ ಲಿಫ್ಟಿನಲ್ಲಿ ಮನಸ್ಸು ನಿಲ್ಲಲಿಲ್ಲ. ಊಟದ ಬಿಡುವಿಗೆ ಮನೆಗೆ ಓಡುತ್ತಿದ್ದ. ಇವನ ಹೆಜ್ಜೆಯ ಸಪ್ಪಳಕ್ಕೇ ಮರಿ ಧಡಕ್ಕನೆ ಎದ್ದುಬಿಡುತ್ತಿತ್ತು. ಎರಡು ದಿನ ನೋಡಿದ ಅಕ್ಕ ಮೂರನೆಯ ದಿನ ಬಾಗಿಲಿಗೆ ಅಡ್ಡ ನಿಂತಳು.

"ನಾನು ಓಡಾಡಿದ್ರೆ ಅದು ಕಣ್ಣೂ ಬಿಡಲ್ಲ. ನೀನು ಬಂದ್ರೆ ಎದ್ದು ನಿಲ್ತದೆ. ಅದರ ಕಾಲು ವಾಸಿಯಾಗ್ಬೇಕೋ, ನೀನು ಅದರ ಮುಖ ನೋಡ್ಬೇಕೋ, ಹೇಳು."

ಅವನು ಚಪ್ಪಲಿ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ಹೋಗಿ ಇಣುಕಿದನಂತೆ. ಮರಿ ನಾಲ್ಕೂ ಕಾಲು ಚಾಚಿ, ಬಾಯಿ ಅರೆ ತೆರೆದು, ಗೊರಕೆ ಹೊಡೆಯುತ್ತಿತ್ತು. ಲಿಫ್ಟಿನಲ್ಲಿ ಇಷ್ಟು ವರ್ಷ ಅದು ಮುದುಡಿಕೊಂಡು, ಒಂದು ಕಿವಿ ಬಾಗಿಲ ಕಡೆಗಿಟ್ಟೇ ಮಲಗಿದ್ದು.

ಕಾಲು ವಾಸಿಯಾದ ಸುದ್ದಿ ಕಟ್ಟಡಕ್ಕೆಲ್ಲ ಹಬ್ಬಿತು. ಖಾಲಿ ಮೂಲೆ ನೋಡಿ ನೋಡಿ ಕಾರ್ಯದರ್ಶಿಗೂ ಬೇಸರ ಬಂದಿತ್ತೋ ಏನೋ, ಒಂದು ದಿನ ನಾನೂ ಇದ್ದಾಗ ಲಿಫ್ಟು ಹತ್ತಿ, ನಾಳೆಯಿಂದ ಮರೀನ ಕರ್ಕೊಂಡು ಬನ್ನಿ, ದಪ್ಪಗಿದ್ರೂ ಪರವಾಗಿಲ್ಲ ಅಂದರು.

ಲಿಫ್ಟಣ್ಣ ಹಿಡಿಕೆಗೆ ಕೈ ಹಾಕಿದ.

"ಬೇಡ ಮೇಡಂ," ಅಂದ. "ಅದು ಮಲಗ್ಲಿ."

ಆಮೇಲೆ ಜಾಲರಿ ಎಳೆದು, ನಮ್ಮನ್ನು ಮೇಲಕ್ಕೆ ಕರೆದೊಯ್ದ.